ಇಂಜಿನ್ನಿನ ನೀರಗಂಟಿ

ರಸ್ತೆಯಲ್ಲಿ ಹಳೆಯ ಜೀಪು ಎದುರಾದರೆ ಜನ ಅದರ ನಂಬರು ನೋಡುತ್ತಾರೆ, ಇಲ್ಲವೇ ಓಡಿಸುವವನ ಮುಖ ನೋಡುತ್ತಾರೆ. ನಾನು ಮಾತ್ರ ಅದರ ಮೂತಿ ನೋಡುತ್ತೇನೆ, ಮೂತಿಗೆ ಗೋಣಿತಾಟು ಕಟ್ಟಿದೆಯೋ ಇಲ್ಲವೋ ಅಂತ. ಕಟ್ಟಿದ್ದರೆ ನನಗೆ ನಗು ತಡೆಯುವುದಿಲ್ಲ. ಮೊನ್ನೆ ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿನ ಎದುರು ಒಬ್ಬಳೇ ನಿಂತಿದ್ದವಳು ಅಂಥದ್ದೊಂದು ಜೀಪು ಕಂಡು ಕಿಸಕ್ಕನೆ ನಕ್ಕುಬಿಟ್ಟೆ. ಜೀಪಿನವನು ಕನ್ನಡಿಯಲ್ಲಿ ಮೀಸೆ ಸರಿಮಾಡಿಕೊಂಡ. ಐವತ್ತು ದಾಟಿದ ಹೆಂಗಸು, ಕೈಯಲ್ಲಿ ದಂಟಿನ ಸೊಪ್ಪಿನ ಚೀಲ, ಅವನು ಏನೆಂದುಕೊಂಡನೋ ಆ ಮಾದಪ್ಪನಿಗೇ ಗೊತ್ತು. ನಕ್ಕಿದ್ದು ನಿನಗಲ್ಲ ಕಣಪ್ಪಾ, ನಿನ್ನ ಗೋಣಿಗೆ ಅಂತ ಹೇಳುವಷ್ಟರಲ್ಲಿ ಗೇರು ಹಾಕಿಕೊಂಡು ಹೊರಟೇ ಹೋದ.

ಗೋಣಿಗೂ ಜೀಪಿಗೂ ಏನು ಸಂಬಂಧ ಅಂತ ನೀವು ಕೇಳಬಹುದು. ಹೇಳುತ್ತೇನೆ, ಅವಸರ ಮಾಡಬೇಡಿ.

ನನ್ನ ತವರು ಯಳಂದೂರಿನ ಹತ್ತಿರದ ಹೊನ್ನೂರು. ನಾನಿನ್ನೂ ಲಂಗ ಹಾಕಿಕೊಂಡು ಗದ್ದೆ ಬದುವಿನ ಮೇಲೆ ಓಡಾಡುತ್ತಿದ್ದ ಕಾಲದಲ್ಲಿ ನಮ್ಮಪ್ಪ ಒಂದು ಡೀಸೆಲ್ ಜೀಪು ತಂದ. ನಮ್ಮ ಕಡೆ ಹೊಸ ಗಾಡಿ ತಂದರೆ ಶಾಸ್ತ್ರಗಳುಂಟು. ಮೊದಲು ಕುಂಬಳಕಾಯಿ ಒಡೆಯಬೇಕು. ಆಮೇಲೆ ಚಕ್ರಕ್ಕೆ ನಿಂಬೆಹಣ್ಣು ತುಳಿಸಬೇಕು. ಅಲ್ಲಿಂದ ನೆಟ್ಟಗೆ ಮೆಕ್ಯಾನಿಕ್ ಹತ್ತಿರ ಹೋಗಿ ಇಂಜಿನ್ನಿನಿಂದ ಥರ್ಮೋಸ್ಟಾಟ್ ಕೀಳಿಸಬೇಕು. ಇಷ್ಟಾದರೆ ಗಾಡಿ ನಮ್ಮದಾಯಿತು ಅಂತ ಲೆಕ್ಕ. “ಇದು ಚಳಿ ದೇಶ್ದೋರ್ಗ ಮಾಡಿರದು ಕಣ್ರಿ, ನಮ್ ಬಿಸಿಲ್ಗ ಇದ್ಯಾಕ? ಇದಿದ್ರ ಬಿಸಿ ಆಯ್ತದ,” ಅಂತ ಆಗಿನ ಮೆಕ್ಯಾನಿಕ್ಕು ಅದನ್ನು ಕಿತ್ತು ಅಪ್ಪನ ಅಂಗೈ ಮೇಲಿಟ್ಟನಂತೆ. ಅಪ್ಪ ಅದನ್ನು ತಂದು ನಡುಮನೆಯ ಗೂಡಿನಲ್ಲಿಟ್ಟ. ನಮಗೆ ಅದು ಸಿಕ್ಕಿದ್ದೇ ಹಬ್ಬ. ಅಡುಗೆ ಆಟದಲ್ಲಿ ಅದು ನಮ್ಮ ಒಲೆ, ಅದರ ಮೇಲೆ ಮಣ್ಣಿನ ಮುದ್ದೆ ಬೇಯುತ್ತಿತ್ತು.

ಥರ್ಮೋಸ್ಟಾಟ್ ಅಂದರೇನು ಅಂತ ಗೊತ್ತಿಲ್ಲದವರು ನಾಚಿಕೊಳ್ಳಬೇಕಾಗಿಲ್ಲ. ಗೊತ್ತಿದ್ದವರೇ ಅದನ್ನು ಕಿತ್ತು ಬಿಸಾಕಿದ್ದು. ಅಂಗೈಯಲ್ಲಿ ಹಿಡಿಸುವ ಹಿತ್ತಾಳೆಯ ಬಿಲ್ಲೆ ಅದು, ನಡುವೆ ಒಂದು ಪುಟ್ಟ ಬಾಗಿಲು, ಅದಕ್ಕೊಂದು ಸ್ಪ್ರಿಂಗು. ಇಂಜಿನ್ ತಣ್ಣಗಿರುವಾಗ ಬಾಗಿಲು ಮುಚ್ಚಿಕೊಂಡು ನೀರನ್ನು ಇಂಜಿನ್ನಿನೊಳಗೇ ಸುತ್ತಾಡಿಸುತ್ತದೆ, ಬೇಗ ಬೆಚ್ಚಗಾಗಲಿ ಅಂತ. ಹದವಾಗಿ ಕಾದ ಮೇಲೆ ತಾನೇ ಬಾಗಿಲು ತೆರೆದು ನೀರನ್ನು ರೇಡಿಯೇಟರಿಗೆ ಬಿಡುತ್ತದೆ, ಅಲ್ಲಿ ಆರಿ ಬರಲಿ ಅಂತ. ಕೆರೆಯ ತೂಬು ಕಾಯುವ ನೀರಗಂಟಿ ಮಾಡುವುದೂ ಇದೇ ಕೆಲಸವಲ್ಲವೇ? ನಮ್ಮಪ್ಪನೋ, ಗದ್ದೆಗೆ ನೀರಿನ ಸರದಿಗಾಗಿ ಊರಿನ ನೀರಗಂಟಿಗೆ ಎಲೆಯಡಿಕೆ ಕೊಟ್ಟು, ಕುಶಲ ಕೇಳಿ, ಅವನ ಮಗಳ ಮದುವೆಯಲ್ಲಿ ಮುಂದೆ ನಿಂತು ಬಡಿಸಿದ ಮನುಷ್ಯ. ಅಂಥವನು ತನ್ನ ಜೀಪಿನ ನೀರಗಂಟಿಯನ್ನು ಮಾತ್ರ ಮೊದಲ ದಿನವೇ ಮನೆಗೆ ಕಳಿಸಿದ.

ಆಮೇಲೆ ಬಂತು ಮಾಗಿ. ಗದ್ದೆ ಬಯಲಿನ ಮೇಲೆ ಮಂಜು ಕೂತುಬಿಟ್ಟರೆ ಎದುರಿನ ತೆಂಗಿನಮರ ಕಾಣುವುದಿಲ್ಲ. ಅಂಥ ಬೆಳಗಿನಲ್ಲಿ ತೂಬು ತೆರೆದಿಟ್ಟ ಇಂಜಿನ್ನು ಕಾಯುವುದೆಲ್ಲಿಂದ? ಜೀಪು ಕೆಮ್ಮುತ್ತಿತ್ತು, ಕರಿ ಹೊಗೆ ಉಗುಳುತ್ತಿತ್ತು, ಡೀಸೆಲ್ಲು ಕುಡಿಯುತ್ತಿತ್ತು. ಅದಕ್ಕೆ ನಮ್ಮವರು ಕಂಡುಕೊಂಡ ಮದ್ದೇ ಗೋಣಿತಾಟು. ರೇಡಿಯೇಟರಿನ ಮುಂದೆ ಗೋಣಿ ಕಟ್ಟಿದರೆ ಗಾಳಿ ನುಗ್ಗುವುದಿಲ್ಲ, ಇಂಜಿನ್ನು ಬೆಚ್ಚಗಾಗುತ್ತದೆ. ತಾನೇ ಮುಚ್ಚಿ ತಾನೇ ತೆರೆಯುವ ಬಾಗಿಲನ್ನು ಕಿತ್ತು ಗೂಡಿನಲ್ಲಿಟ್ಟು, ದಿನಾ ಬೆಳಗ್ಗೆ ಕೈಯಾರೆ ಗೋಣಿ ಕಟ್ಟಿ ಬಿಚ್ಚುವ ಬುದ್ಧಿವಂತಿಕೆ ನಮ್ಮದು. ನಮ್ಮಜ್ಜಿ ಇದನ್ನು ನೋಡಿ, “ಜೀಪ್ಗೂ ಹೊದ್ಸೀರಾ? ಹೊದ್ಸಿ ಹೊದ್ಸಿ. ನಾನೊಬ್ಳು ಇಲ್ಲಿ ನಡುಗ್ತಾ ಕೂತಿವ್ನಿ, ನನ್ಗ ಒಂದ್ ಕಂಬ್ಳಿಗ ಗತಿ ಇಲ್ಲ,” ಅಂತ ಜಗಲಿಯಿಂದ ಹಾಡಿಕೊಳ್ಳುತ್ತಿದ್ದಳು. ಒಂದು ದಿನ ಗಡಿಬಿಡಿಯಲ್ಲಿ ಬೆಲ್ಲದ ಖಾಲಿ ಗೋಣಿ ಕಟ್ಟಿಬಿಟ್ಟರು. ಯಳಂದೂರಿನ ಸಂತೆಯಲ್ಲಿ ಅಪ್ಪ ವ್ಯಾಪಾರ ಮುಗಿಸಿ ಬರುವಷ್ಟರಲ್ಲಿ ಯಾರದೋ ಎಮ್ಮೆ ಜೀಪಿನ ಮುಖವನ್ನೆಲ್ಲ ನೆಕ್ಕಿ ಫಳಫಳ ಮಾಡಿತ್ತು.

ಕಟ್ಟುವುದು ಸರಿ, ಬಿಚ್ಚುವುದು ಯಾರ ಕೆಲಸ? ಅದು ಯಾವತ್ತೂ ತೀರ್ಮಾನವಾಗಲಿಲ್ಲ. ನೀನು ಬಿಚ್ಚಿದೆ ಅಂದುಕೊಂಡೆ, ಇಲ್ಲ ನೀನು ಬಿಚ್ಚಿದೆ ಅಂದುಕೊಂಡೆ, ಅಷ್ಟರಲ್ಲಿ ಜೀಪು ಬಿಳಿಗಿರಿರಂಗನ ಬೆಟ್ಟದ ತಿರುವಿನಲ್ಲಿ ಬುಸ್ಸೆಂದು ಆವಿ ಬಿಡುತ್ತ ನಿಂತಿರುತ್ತಿತ್ತು. ಅಪ್ಪ ಟವೆಲ್ ಸುತ್ತಿಕೊಂಡು ಮುಚ್ಚಳ ತಿರುವುವುದು, ಅವ್ವ ದೂರದಿಂದ “ಮಖ ಅತ್ತಗ ಮಾಡ್ಕಳ್ರಿ” ಅಂತ ಕೂಗುವುದು, ಹೋಗೋ ಬಸ್ಸಿನವರೆಲ್ಲ ಕಿಟಕಿಯಲ್ಲಿ ತಲೆ ಹಾಕಿ ಅಯ್ಯೋ ಪಾಪ ಅನ್ನುವುದು. ಗೋಣಿಯನ್ನು ಯಾರೂ ಬೈಯಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗೆ ಎಲ್ಲರೂ ಬೈದದ್ದು ಜೀಪನ್ನೇ. “ಇದು ಬಿಸಿ ಆಗೋ ಜಾತಿ” ಅನ್ನುವ ಹೆಸರು ಅದಕ್ಕೆ ಅಂಟಿದ್ದು ಅಂಟಿಯೇ ಹೋಯಿತು. ಇನ್ನು ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ಒಂದಿದೆಯಲ್ಲ, ಅದಕ್ಕೆ ನಮ್ಮ ಮನೆಯಲ್ಲಿ ಎರಡೇ ಕಡೆ ಜಾಗ. ಗೋಣಿ ಇಲ್ಲದಾಗ ತಳದಲ್ಲಿ ಮಲಗಿರುತ್ತಿತ್ತು, ಗೋಣಿ ಬಿಚ್ಚುವುದು ಮರೆತಾಗ ಕೆಂಪು ಗೆರೆ ದಾಟಿರುತ್ತಿತ್ತು. ಅದು ನಡುವೆ ನಿಂತದ್ದನ್ನು ನಮ್ಮ ವಂಶದಲ್ಲಿ ಯಾರೂ ಕಂಡವರಿಲ್ಲ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಇದರಿಂದಲೇ ರಾಮಾಯಣವಾಯಿತು.

ಅಪ್ಪ ಈಗಿಲ್ಲ. ಜೀಪು ಇದೆ. ಹೊನ್ನೂರಿನ ಮನೆಯಲ್ಲಿ ಅವ್ವ, ನನ್ನಣ್ಣ ಶಿವಮಲ್ಲು, ಅತ್ತಿಗೆ. ನಾನು ಮದುವೆಯಾಗಿ ಕೊಳ್ಳೇಗಾಲದಲ್ಲಿದ್ದೇನೆ, ಯಜಮಾನರದು ಬಟ್ಟೆ ಅಂಗಡಿ. ಅಣ್ಣ ಒಂದು ಕಾರು ಕೊಂಡಿದ್ದಾನೆ, ಬಿಳಿ ಬಣ್ಣದ್ದು, ಒಳಗೆ ಕೂತರೆ ಹೊರಗಿನ ಸದ್ದೇ ಕೇಳುವುದಿಲ್ಲ. ಅದೇ ಅವ್ವನಿಗೆ ಆಗದ ಸಂಗತಿ. ಕಾರಿನ ಬಾಗಿಲು ಹಾಕಿ ಎ.ಸಿ. ಬಿಟ್ಟರೆ ಅವಳಿಗೆ ಊರ ಬಾಗಿಲು ದಾಟುವ ಮೊದಲೇ ವಾಂತಿ. ಬಸ್ಸು ಹತ್ತೋಣವೆಂದರೆ ಮಂಡಿ ಬಗ್ಗುವುದಿಲ್ಲ. ಜೀಪಿನಲ್ಲಿ ಮಾತ್ರ, ನಾಲ್ಕೂ ಕಡೆಯಿಂದ ಗಾಳಿ ಹೊಡೆಯುತ್ತಿರಲು, ಬಾಯಿತುಂಬ ಎಲೆಯಡಿಕೆ ಹಾಕಿಕೊಂಡು ಮಹಾರಾಣಿಯ ಹಾಗೆ ಕೂತಿರುತ್ತಾಳೆ. ಅವಳಿಗೆ ಎಲ್ಲಿಗಾದರೂ ಹೋಗಬೇಕೆನ್ನಿಸಿದರೆ ನನಗೆ ಫೋನು. ಜೀಪು ಓಡಿಸುವುದನ್ನು ಅಪ್ಪ ನನಗೆ ಒಕ್ಕಣೆ ಕಳದ ಮೇಲೆ ಕಲಿಸಿದ್ದ. ನಾನು ಬಸ್ಸಿನಲ್ಲಿ ಹೊನ್ನೂರಿಗೆ ಹೋಗಿ ಜೀಪು ತೆಗೆಯುವುದು, ಅಣ್ಣ ಜಗಲಿಯಲ್ಲಿ ನಿಂತು ತಲೆ ಚಚ್ಚಿಕೊಳ್ಳುವುದು, ಇದು ನಡೆದುಕೊಂಡು ಬಂದ ಪದ್ಧತಿ.

ಈ ಚಳಿಗಾಲದಲ್ಲಿ ಲೊಕ್ಕನಹಳ್ಳಿಯ ನಮ್ಮ ಚಿಕ್ಕವ್ವ, ಅಂದರೆ ಅವ್ವನ ತಂಗಿ, ಕೊಟ್ಟಿಗೆಯಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡಳು. ಅವ್ವ ಊಟ ಬಿಟ್ಟು ಕೂತಳು. “ಅವಳ್ನ ಒಂದ್ಸಲ ಕಣ್ಣಲ್ಲಿ ನೋಡ್ಬೇಕು ಕಣಮ್ಮಣ್ಣಿ, ಜೀಪ್ ತಗಿ.” ನಾನು ಹೋದೆ. ಹೋದರೆ ಅಣ್ಣ ಬೇರೆಯದೇ ರಾಗ ತೆಗೆದ. ಗುಜರಿಯವನು ಬಂದು ಜೀಪು ನೋಡಿಕೊಂಡು ಹೋಗಿದ್ದಾನಂತೆ. ಶೆಡ್ಡಿನಲ್ಲಿ ಜಾಗವಿಲ್ಲವಂತೆ.

“ಲೊಕ್ಕನಳ್ಳಿ ಏರ್ನಲ್ಲಿ ಅದು ಬಿಸಿ ಆಗಿ ನಿಂತ್ರ ಅವ್ವುನ್ನ ಕಾಡಂಚ್ನಲ್ಲಿ ಕೂರ್ಸ್ಕಂಡು ಏನ್ಮಾಡಿಯಮ್ಮಿ?” ಅಂದ.

“ನಿಲ್ಲಲ್ಲ,” ಅಂದೆ.

“ಪಂದ್ಯ?”

“ಪಂದ್ಯ.”

ಹೀಗೆ ಪಂದ್ಯ ಬಿತ್ತು. ಹೊನ್ನೂರಿನಿಂದ ಲೊಕ್ಕನಹಳ್ಳಿಯವರೆಗೆ ಬಿಸಿಯಾಯಿತು ಅಂತ ದಾರಿಯಲ್ಲಿ ಬಾನೆಟ್ ಎತ್ತದೆ ಹೋದರೆ ಜೀಪು ಉಳಿಯುತ್ತದೆ. ಎತ್ತಿದರೆ ಗುಜರಿಗೆ. ಆ ಕ್ಷಣಕ್ಕೆ ವೀರಾವೇಶದಲ್ಲಿ ಹೂಂ ಅಂದವಳಿಗೆ ಬಸ್ಸಿನಲ್ಲಿ ವಾಪಸು ಬರುವಾಗ ಪಣಕ್ಕಿಟ್ಟದ್ದು ಏನನ್ನು ಅಂತ ಹೊಳೆಯಿತು. ಜೀಪು ಹೋದರೆ ಅವ್ವನ ಓಡಾಟವೂ ಹೋದಂತೆ. ಆಮೇಲೆ ಜಗಲಿ, ನಡುಮನೆ, ಹಿತ್ತಿಲು, ಅಷ್ಟೇ ಅವಳ ಪ್ರಪಂಚ. ಅದನ್ನು ನೆನೆದು ನನಗೆ ಬಸ್ಸಿನಲ್ಲೇ ಕಣ್ಣು ತುಂಬಿತು.

ಅಳುವುದರಿಂದ ಇಂಜಿನ್ ತಣ್ಣಗಾಗುವುದಿಲ್ಲವಲ್ಲ. ಮನೆಗೆ ಬಂದು ಮೊಬೈಲು ಹಿಡಿದೆ. ನಾನು ಮೊಬೈಲಿನಲ್ಲಿ ಅಲ್ಲಿಯವರೆಗೆ ನೋಡುತ್ತಿದ್ದದ್ದು ಒಬ್ಬಟ್ಟು ಒಡೆಯದಂತೆ ತಟ್ಟುವುದು ಹೇಗೆ ಅನ್ನುವಂಥ ವೀಡಿಯೊ. ಈಗ ಯಾರೋ ಹಿಂದಿಯಲ್ಲಿ, ಯಾರೋ ತಮಿಳಿನಲ್ಲಿ ಹಳೇ ಜೀಪು ಬಿಚ್ಚಿ ಜೋಡಿಸುವುದನ್ನು ನೋಡುತ್ತ ಕೂತೆ. ಎಲ್ಲರೂ ಬಿಲ್ಲೆಯನ್ನು ಕೀಳಬೇಡಿ, ಕಿತ್ತಿದ್ದರೆ ಹೊಸದು ಹಾಕಿ, ಹಾಕುವ ಮೊದಲು ಬಿಸಿನೀರಿನಲ್ಲಿ ಪರೀಕ್ಷೆ ಮಾಡಿ ಅನ್ನುವವರೇ. ನಾವು ಒಲೆ ಮಾಡಿಕೊಂಡು ಆಡಿದ್ದು ಇದನ್ನೇನಾ ಅಂತ ವೀಡಿಯೊ ನಿಲ್ಲಿಸಿ ನಿಲ್ಲಿಸಿ ನೋಡಿದೆ.

ಕೊಳ್ಳೇಗಾಲದ ಸ್ಪೇರ್‌ಪಾರ್ಟ್ಸ್ ಅಂಗಡಿಯವನು ನಾನು ಕೇಳಿದ್ದನ್ನು ಕೇಳಿ ಕನ್ನಡಕ ತೆಗೆದು ಒರೆಸಿಕೊಂಡ. “ಕೀಳ್ಸೋಕೆ ಬರೋರ್ನ ನೋಡಿವ್ನಿ, ಆಕ್ಸೋಕೆ ಬಂದೋರ್ನ ಇವತ್ತೇ ಕಂಡಿದ್ದು ಕಣಕ್ಕಾ,” ಅಂತ ಮೇಲಿನ ಅಟ್ಟದಿಂದ ಧೂಳು ಹಿಡಿದ ಪೆಟ್ಟಿಗೆ ಇಳಿಸಿಕೊಟ್ಟ. ಮನೆಗೆ ತಂದು ಪರೀಕ್ಷೆಗೆ ಪಾತ್ರೆ ಹುಡುಕಿದೆ. ಸಾರಿನ ಪಾತ್ರೆಯಲ್ಲಿ ಸಾರಿತ್ತು. ಉಳಿದದ್ದು ಹಾಲಿನ ಪಾತ್ರೆ. ನೀರು ತುಂಬಿ ಒಲೆ ಮೇಲಿಟ್ಟು, ಬಿಲ್ಲೆಗೆ ದಾರ ಕಟ್ಟಿ ಇಳಿಬಿಟ್ಟು, ಉಸಿರು ಬಿಗಿಹಿಡಿದು ನಿಂತೆ. ಆ ಹೊತ್ತಿಗೇ ಅಂಗಡಿಯಿಂದ ಬಂದ ಯಜಮಾನರು ಕಾಫಿಯ ಆಸೆಗೆ ಪಾತ್ರೆಯೊಳಗೆ ಇಣುಕಿದರು.

“ಏನಿದು, ನಲ್ಲಿ ಬೇಯಿಸ್ತಾ ಇದೀಯ?”

“ಸುಮ್ನಿರಿ, ಬಾಯಿ ಬಿಡುತ್ತಾ ನೋಡಬೇಕು.”

“ಯಾರು?”

ನೀರು ಕಾಯುತ್ತ ಕಾಯುತ್ತ, ಕುದಿ ಇನ್ನೇನು ಬಂತು ಅನ್ನುವಾಗ, ಬಿಲ್ಲೆಯ ಬಾಗಿಲು ಮೆಲ್ಲಗೆ, ನಿದ್ದೆಯಿಂದ ಎದ್ದವರ ಹಾಗೆ ತೆರೆದುಕೊಂಡಿತು. ನಾನು ಕಿರುಚಿದೆ. ಯಜಮಾನರು ಎರಡು ಹೆಜ್ಜೆ ಹಿಂದೆ ಹಾರಿದರು. ತಣ್ಣೀರಿಗೆ ಹಾಕಿದರೆ ಮುಚ್ಚಿಕೊಂಡಿತು. ಮತ್ತೆ ಬಿಸಿನೀರು, ಮತ್ತೆ ತೆರೆಯಿತು. ಆಮೇಲೆ ಅವರಿಗೇ ಹುಚ್ಚು ಹಿಡಿದು ಕಾಫಿ ಮರೆತು ಎತ್ತಿ ಇಳಿಸಿ ಆಡಿದರು. ರಾತ್ರಿ ಅದೇ ಪಾತ್ರೆಯ ಹಾಲು ಕುಡಿದು, “ಗ್ಯಾರೇಜಿನ ವಾಸನೆ,” ಅಂತ ಮುಖ ಸಿಂಡರಿಸಿದವರೂ ಅವರೇ.

ಮೆಕ್ಯಾನಿಕ್ ಸಿದ್ದರಾಜು ಹೊನ್ನೂರಿಗೆ ಬಂದು ಬಿಲ್ಲೆ ಕೂರಿಸಿದ. ಮನಸ್ಸಿಲ್ಲದ ಮನಸ್ಸಿನಿಂದ, ಹೆಣ್ಣು ಒಪ್ಪದ ಮದುವೆಗೆ ಚಪ್ಪರ ಹಾಕುವವನ ಹಾಗೆ. “ಬಿಸಿ ಆದ್ರ ನನ್ನ ಕೇಳ್ಬ್ಯಾಡಿ ಕಣಕ್ಕಾ, ನಾ ಯೋಳಿವ್ನಿ,” ಅಂತ ಸ್ಕ್ರೂ ತಿರುಗಿಸಿದಾಗಲೆಲ್ಲ ಒಂದು ಸಲ ಹೇಳಿದ. ನಾಲೆ ನೀರು ಹುಯ್ದು ಹುಯ್ದು ರೇಡಿಯೇಟರಿನೊಳಗೆ ಗಟ್ಟಿಯಾಗಿದ್ದ ಕಿಟ್ಟವನ್ನೂ ತೊಳೆಸಿದೆ. ಅಣ್ಣ ಇದನ್ನೆಲ್ಲ ಜಗಲಿಯಿಂದ ನೋಡುತ್ತ, ಬಲಿ ಕೊಡುವ ಕುರಿಗೆ ಸ್ನಾನ ಮಾಡಿಸುವವಳನ್ನು ನೋಡುವಂತೆ ನಗುತ್ತಿದ್ದ.

ಹೊರಟ ಬೆಳಗ್ಗೆ ಸಾಕಷ್ಟು ಮಂಜಿತ್ತು. ಅವ್ವ ಮುಂದಿನ ಸೀಟಿನಲ್ಲಿ, ಮಡಿಲಲ್ಲಿ ಚಿಕ್ಕವ್ವನಿಗೆ ಮಾಡಿದ ಕಜ್ಜಾಯದ ಡಬ್ಬ. ಹಿಂದೆ ಅಣ್ಣ, ಪಂದ್ಯದ ಸಾಕ್ಷಿಯಾಗಿ, ಕಾಲ ಸಂದಿಯಲ್ಲಿ ನೀರಿನ ಕ್ಯಾನು. ಯಳಂದೂರು ದಾಟಿದ ಮೇಲೆ ನನಗೇಕೋ ಅನುಮಾನ ಬಂದು ಜೀಪು ನಿಲ್ಲಿಸಿ ಇಳಿದು ಮುಂದೆ ಹೋಗಿ ನೋಡಿದೆ. ಮೂತಿಗೆ ಗೋಣಿತಾಟು! ನೀಟಾಗಿ, ನಾಲ್ಕೂ ಮೂಲೆಗೆ ಗಂಟು ಹಾಕಿ.

“ಯಾರ್ ಕಟ್ಟಿದ್ದಣ್ಣಾ ಇದ?”

“ಅಭ್ಯಾಸ ಕಣಮ್ಮಿ, ಕೈ ತಾನೇ ಕಟ್ಬುಡ್ತು,” ಅಂದ, ಕಾಡು ನೋಡುವವನ ಹಾಗೆ ಆಚೆ ಮುಖ ತಿರುಗಿಸಿ. ಅಲ್ಲಿ ಕಾಡೇನೂ ಇರಲಿಲ್ಲ, ಕಬ್ಬಿನ ಗದ್ದೆ ಇತ್ತು. ಗೋಣಿ ಬಿಚ್ಚಿ ಮಡಿಸಿ ಅವನ ಕೂರುವ ಜಾಗಕ್ಕೇ ಹಾಸಿದೆ.

ಕೊಳ್ಳೇಗಾಲ ಕಳೆದು ಹನೂರಿನಲ್ಲಿ ಇಡ್ಲಿ ತಿಂದು ಕಾಫಿ ಕುಡಿಯುವವರೆಗೂ ಎಲ್ಲ ಸುಸೂತ್ರ. ಜೀಪು ಕೆಮ್ಮಲಿಲ್ಲ, ಹೊಗೆ ಉಗುಳಲಿಲ್ಲ. ನನ್ನ ಜನ್ಮದಲ್ಲಿ ಅದು ಅಷ್ಟು ನಯವಾಗಿ ಓಡಿದ್ದನ್ನು ಕಂಡಿರಲಿಲ್ಲ. ಅವ್ವ ಕಾಲು ನೀಡಬೇಕು ಅಂತ ಹಿಂದಿನ ಉದ್ದ ಸೀಟಿಗೆ ಹೋದಳು, ಅಣ್ಣ ಮುಂದೆ ಬಂದು ಕೂತ. ಕೂತವನ ಕಣ್ಣು ಮುಳ್ಳಿನ ಮೇಲೆ ಬಿತ್ತು. ಮುಳ್ಳು ಸರಿಯಾಗಿ ನಡುಮಧ್ಯದಲ್ಲಿ ನಿಂತಿತ್ತು.

“ಅಮ್ಮಿ! ಮುಳ್ಳು ಎದ್ದದ!”

“ಅದು ಇರಬೇಕಾದ್ದೇ ಅಲ್ಲಿ ಕಣಣ್ಣಾ. ಇಂಜಿನ್ ಹದವಾಗಿ ಕಾದದ ಅಂತ.”

“ಹದ ಅಂತ ಹದ! ಮಲ್ಗಿರ್ಬೇಕಾದ್ದು ಎದ್ ಕೂತದ ಅಂದ್ರ ಕೆಂಪ್ಗ ಹೊಂಟದ ಅಂತ್ಲೇ. ನಿಲ್ಸು!”

ನಾನು ನಿಲ್ಲಿಸಲಿಲ್ಲ. ಏರು ಶುರುವಾಯಿತು. ಎಡಬಲಕ್ಕೂ ಕುರುಚಲು ಗಿಡ, ರಾಗಿ ಕೊಯ್ದ ಹೊಲ. ಅಣ್ಣ ರಸ್ತೆ ನೋಡುವುದು ಬಿಟ್ಟು ಮುಳ್ಳಿನ ಮುಂದೆ ಮೂಗಿಟ್ಟು ಕೂತ. ಅದು ಒಂದು ಕೂದಲೆಳೆ ಅಲುಗಿದರೂ “ಓಯ್ತು, ಓಯ್ತು!” ಅಂತ ಕಿರುಚುತ್ತಿದ್ದ. ಹಿಂದಿನಿಂದ ಅವ್ವ, “ಏನ್ಲಾ ಓಯ್ತು?” ಅಂತ ಕೇಳುತ್ತಿದ್ದಳು. ಲೊಕ್ಕನಹಳ್ಳಿ ಇನ್ನೇನು ಬಂತು ಅನ್ನುವಾಗ ತಿರುವಿನಲ್ಲಿ ಒಂದು ದೊಡ್ಡ ದನದ ಹಿಂಡು ಅಡ್ಡ ಬಂತು. ನಾನು ಬ್ರೇಕು ಒತ್ತಿದ್ದೇ ತಡ, ಅಣ್ಣ ಕ್ಯಾನು ಹಿಡಿದು ಹಾರಿ, ಬಾನೆಟ್ಟು ಎತ್ತಿಯೇಬಿಟ್ಟ.

ಒಳಗೆ ಆವಿಯಿಲ್ಲ, ಬುಸ್ಸೆನ್ನುವ ಸದ್ದಿಲ್ಲ. ಇಂಜಿನ್ನು ತನ್ನ ಪಾಡಿಗೆ ತಾನು ಗುಡುಗುಡು ಅನ್ನುತ್ತಿತ್ತು. ದನ ಹೊಡೆದುಕೊಂಡು ಹೋಗುತ್ತಿದ್ದವನು ಬಗ್ಗಿ ನೋಡಿ, “ಏನಾಗಿದ್ದದು ಸಾ?” ಅಂದ. ಅಣ್ಣ ಕ್ಯಾನು ಹಿಡಿದು ನೀರು ಎಲ್ಲಿಗೆ ಹುಯ್ಯಲಿ ಅಂತ ಹುಡುಕಿದ, ಕೊನೆಗೆ ತಾನೇ ಎರಡು ಗುಟುಕು ಕುಡಿದ. ಆಮೇಲೆ ಪಂದ್ಯ ನೆನಪಾಯಿತು ನೋಡಿ, ಮುಖ ಅರಳಿತು.

“ಬಾನೆಟ್ ಎತ್ತಾಯ್ತು ಕಣಮ್ಮಿ. ಮಾತು ಅಂದ್ರ ಮಾತು. ಗುಜ್ರಿ.”

“ನೀನೇ ಎತ್ತಿ ನೀನೇ ಗೆದ್ದೆ ಅಂದ್ರೆ ಹೆಂಗಣ್ಣಾ? ಬಿಸಿ ಎಲ್ಲಾಗದ, ತೋರ್ಸು!”

“ಯಾರ್ ಎತ್ತುದ್ರೇನು? ಎತ್ತಾಯ್ತಾ ಇಲ್ವಾ?”

ನನಗೆ ಮೈಯೆಲ್ಲ ಉರಿದುಹೋಯಿತು. ಅಳುವೂ ಬಂತು, ಅವನ ತಲೆಗೆ ಆ ಕ್ಯಾನಿನಲ್ಲೇ ಬಾರಿಸಬೇಕೆಂದೂ ಅನ್ನಿಸಿತು. ಇಬ್ಬರೂ ಐವತ್ತು ದಾಟಿದವರು, ನಡುರಸ್ತೆಯಲ್ಲಿ, ದನಗಳ ಮಧ್ಯೆ ನಿಂತು ಲಗೋರಿ ಆಟದಲ್ಲಿ ಜಗಳಾಡುವ ಮಕ್ಕಳ ಹಾಗೆ ಕೂಗಾಡಿದೆವು. ದನಗಳೂ ನಿಂತು ಕೇಳಿದವು.

ಆಗ ಹಿಂದಿನ ಬಾಗಿಲು ಕಿರ್ರೆಂದಿತು. ಅವ್ವ ಒಂದೊಂದೇ ಕಾಲು ಇಳಿಸಿ, ಜೀಪಿನ ಮೈ ಹಿಡಿದುಕೊಂಡು ಮುಂದೆ ಬಂದಳು. ಎಲೆಯಡಿಕೆ ಉಗುಳಿ ಬಾಯಿ ಒರೆಸಿಕೊಂಡಳು.

“ಯಾರ್ ಜೀಪ್ಲಾ ಇದು?”

ಅಣ್ಣ ನನ್ನನ್ನು ನೋಡಿದ, ನಾನು ಅಣ್ಣನನ್ನು ನೋಡಿದೆ.

“ನಿಮ್ಮಪ್ಪ ಇರೂಗಂಟ ನಿಮ್ಮಪ್ಪಂದು. ಅವ್ರು ಓದ್ಮೇಲ ನಂದು. ನನ್ ಜೀಪ ಮಡಗಿ ಪಂದ್ಯ ಕಟ್ಟಕ ನೀವ್ಯಾರು? ಗುಜ್ರಿಯೋನ್ನ ಕರೀವಾಗ ನನ್ನ ಕೇಳ್ದಾ ನೀನು?” ಅಂದವಳು ನನ್ನ ಕಡೆ ತಿರುಗಿದಳು. “ನೀನಾರೂ ಕೇಳ್ದಾ, ಪಂದ್ಯಕ್ಕ ಹೂಂ ಅನ್ನುವಾಗ?”

ಇಲ್ಲ, ನಾನೂ ಕೇಳಿರಲಿಲ್ಲ. ಅವ್ವನಿಗಾಗಿ ಜೀಪು ಉಳಿಸಬೇಕು ಅಂತ ಪಾತ್ರೆಯಲ್ಲಿ ಬಿಲ್ಲೆ ಬೇಯಿಸಿದ್ದೇ ಬೇಯಿಸಿದ್ದು, ಅವ್ವನನ್ನು ಒಂದು ಮಾತು ಕೇಳಬೇಕು ಅಂತ ತಲೆಗೇ ಹೊಳೆದಿರಲಿಲ್ಲ. ತಲೆ ತಗ್ಗಿಸಿದೆ.

“ಶೆಡ್ನಲ್ಲಿ ಜಾಗ್ವಿಲ್ಲ ಅಂದಲ್ಲ ಮಲ್ಲು, ಆ ಶೆಡ್ಡೂ ನಂದೇ ಕಣಪ್ಪಾ. ಇಕ್ಕಟ್ಟಾದ್ರ ಆಚ್ಗ ಓಗದು ನಿನ್ ಕಾರು. ಅಮ್ಮಣ್ಣಿ ಡ್ರೈವರು, ನೀನು ಕಿಲೀನರು. ಬಾನೆಟ್ ಹಾಕ್ಬುಟ್ಟು ಹಿಂದ್ಕ ಓಗ್ ನಿಂತ್ಕ. ನನ್ ತಂಗಿ ಕಾದವ್ಳ.”

ಅವ್ವ ಮುಂದಿನ ಸೀಟು ಹತ್ತಿ ಕೂತು ಸೆರಗು ಸರಿಮಾಡಿಕೊಂಡಳು. ಅಣ್ಣ ಏನೋ ಹೇಳಲು ಬಾಯಿ ತೆರೆದು, ಮುಚ್ಚಿ, ಬಾನೆಟ್ಟೂ ಮುಚ್ಚಿ, ಹಿಂದಕ್ಕೆ ಹೋದ. ಹೊನ್ನೂರಿನ ಪಂಚಾಯ್ತಿ ಕಟ್ಟೆಯಲ್ಲಿ ಯಜಮಾನಿಕೆ ಮಾಡುವ ನನ್ನಣ್ಣ ಶಿವಮಲ್ಲು ಜೀಪಿನ ಹಿಂದಿನ ಮೆಟ್ಟಿಲ ಮೇಲೆ ನಿಂತು, ಒಂದು ಕೈಯಲ್ಲಿ ಕಂಬಿ ಹಿಡಿದು, ಇನ್ನೊಂದು ಕೈಯಲ್ಲಿ ಮೆಲ್ಲಗೆ ತಗಡು ತಟ್ಟಿ, ಯಾರಿಗೂ ಕೇಳದ ಹಾಗೆ, “ರೈಟ್,” ಅಂದ.

ಅವ್ವ ಹಿಂದಿರುಗಿ ನೋಡಲಿಲ್ಲ.

“ಇನ್ನೊಸಿ ಜೋರಾಗಿ ಹೊಡಿಲಾ,” ಅಂದಳು. “ಡ್ರೈವರ್ಗ ಕೇಳ್ನಿಲ್ಲ.”